ಪಿಯಾನೊ ಅಂದರೆ ‘ಮೆಲ್ಲಗೆ’. ಹಾಗಾದರೆ ‘ಜೋರು’ ಎಲ್ಲಿ ಹೋಯಿತು?

ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಒಂದು ಕೀಬೋರ್ಡ್ ಕೊಡಿಸಿದ್ದೆ. ದುಬಾರಿಯದ್ದೇನಲ್ಲ, ಬ್ಯಾಟರಿ ಹಾಕಿದರೂ ನಡೆಯುವಂಥದ್ದು. ಮೇಲೆ ಸಾಲಾಗಿ ಗುಂಡಿಗಳು: ಪಿಯಾನೊ, ಆರ್ಗನ್, ಗಿಟಾರ್, ಕೊಳಲು. ಅವಳು ಪಿಯಾನೊ ಗುಂಡಿ ಒತ್ತಿಕೊಂಡು ಎರಡು ದಿನ ಮನೆಯವರ ತಲೆ ತಿಂದಳು. ಮೂರನೇ ದಿನ ನನಗೆ ಫೋನು. “ಮಾಮ, ಮೆಲ್ಲಗೆ ಒತ್ತಿದ್ರೂ ಅಷ್ಟೇ ಸೌಂಡು, ಜೋರಾಗಿ ಗುದ್ದಿದ್ರೂ ಅಷ್ಟೇ ಸೌಂಡು. ಕೆಟ್ಟೋಗಿದ್ಯಾ?”

ಕೆಟ್ಟಿರಲಿಲ್ಲ. ಕಡಿಮೆ ಬೆಲೆಯ ಕೀಬೋರ್ಡುಗಳು ಇರುವುದೇ ಹಾಗೆ. ಕೀ ಒತ್ತಿದರೋ ಇಲ್ಲವೋ ಅನ್ನುವುದಷ್ಟೇ ಅವಕ್ಕೆ ಗೊತ್ತಾಗುತ್ತದೆ. ಎಷ್ಟು ಜೋರಾಗಿ ಒತ್ತಿದರು ಅನ್ನುವುದು ಗೊತ್ತಾಗುವುದಿಲ್ಲ. ಗೋಡೆಯ ಮೇಲಿನ ಸ್ವಿಚ್ ಇದ್ದ ಹಾಗೆ. ಬೆರಳ ತುದಿಯಲ್ಲಿ ತಟ್ಟಿದರೂ ಮೊಣಕೈಯಲ್ಲಿ ಗುದ್ದಿದರೂ ಬಲ್ಬು ಉರಿಯುವುದು ಅಷ್ಟೇ ಬೆಳಕಿನಲ್ಲಿ. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ ಬೆರಳಿನ ಒತ್ತಡ ಗೊತ್ತಾಗುವ ಕೀಬೋರ್ಡ್ ಸಿಗುತ್ತದೆ. ನಾನು ಕೊಟ್ಟಿರಲಿಲ್ಲ, ತಪ್ಪು ನನ್ನದೇ. ಆದರೆ ಆ ಹುಡುಗಿ ತನಗೇ ತಿಳಿಯದೆ ಪಿಯಾನೊ ಅನ್ನುವ ಹೆಸರಿನ ಬುಡಕ್ಕೇ ಕೈ ಹಾಕಿದ್ದಳು. ಮುನ್ನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಒಬ್ಬ ವಾದ್ಯ ಮಾಡುವವನು ತಲೆ ಕೆಡಿಸಿಕೊಂಡಿದ್ದು ಇದೇ ಪ್ರಶ್ನೆಗೆ.

ಪಿಯಾನೊ ಅನ್ನುವುದು ಇಟಾಲಿಯನ್ ಪದ. ಅರ್ಥ ‘ಮೆಲ್ಲಗೆ’. ಅಷ್ಟೇ. ತಂತಿ ಅಂತಲ್ಲ, ವಾದ್ಯ ಅಂತಲ್ಲ, ಸಂಗೀತ ಅಂತಲೂ ಅಲ್ಲ. ‘ಮೆಲ್ಲಗೆ’ ಅನ್ನುವ ಪದವನ್ನು ನಾನು ಸುಮ್ನೆ ಆರಿಸಿಕೊಂಡಿಲ್ಲ. ನಮ್ಮಲ್ಲಿ ‘ಮೆಲ್ಲಗೆ ಮಾತಾಡು’ ಅಂತಲೂ ಅನ್ನುತ್ತೇವೆ, ‘ಮೆಲ್ಲಗೆ ನಡಿ’ ಅಂತಲೂ ಅನ್ನುತ್ತೇವೆ ಅಲ್ವಾ? ಒಂದು ಕಡೆ ದನಿ ತಗ್ಗಿಸು ಅಂತ, ಇನ್ನೊಂದು ಕಡೆ ವೇಗ ತಗ್ಗಿಸು ಅಂತ. ಇಟಲಿಯವರ ‘ಪಿಯಾನೊ’ ಕೂಡ ಪಕ್ಕಾ ಹಾಗೆಯೇ ಎರಡೂ ಕೆಲಸ ಮಾಡುತ್ತದೆ. ‘ಪಾರ್ಲಾ ಪಿಯಾನೊ’ ಅಂದರೆ ಮೆಲ್ಲಗೆ ಮಾತಾಡು. ‘ವಾ ಪಿಯಾನೊ’ ಅಂದರೆ ಮೆಲ್ಲಗೆ ಹೋಗು. ‘ಪಿಯಾನ್ ಪಿಯಾನೊ’ ಅಂದರೆ ನಮ್ಮ ‘ಮೆಲ್ಲಮೆಲ್ಲಗೆ’.

ಇದರ ಎದುರು ಪದ ‘ಫೋರ್ತೆ’. ಮೂಲದಲ್ಲಿ ಅದರ ಅರ್ಥ ಬಲಶಾಲಿ, ಗಟ್ಟಿಮುಟ್ಟು. ಆಮೇಲೆ ದೊಡ್ಡ ದನಿ ಅಂತಲೂ, ಕೊನೆಗೆ ವೇಗ ಅಂತಲೂ ಆಯಿತು. ನಮ್ಮ ‘ಜೋರು’ ನೋಡಿ. ಪರ್ಷಿಯನ್ನಿನಿಂದ ಬಂದ ಪದ, ಅಲ್ಲಿ ‘ಜೋರ್’ ಅಂದರೆ ಬಲ. ನಮ್ಮ ಬಾಯಲ್ಲಿ ‘ಜೋರಾಗಿ ಕೂಗು’ ಅಂತ ದನಿಗೂ ಬಂತು, ‘ಜೋರಾಗಿ ಓಡು’ ಅಂತ ವೇಗಕ್ಕೂ ಬಂತು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳಲ್ಲಿ ಎರಡು ಪದಗಳು ಇಷ್ಟು ಒಂದೇ ದಾರಿಯಲ್ಲಿ ನಡೆದಿರುವುದು ನನಗಂತೂ ಬಲು ಖುಷಿ ಕೊಡುವ ಸಂಗತಿ. ಹಾಗಾಗಿ ಮುಂದೆ ಪಿಯಾನೊ ಅಂದಾಗ ‘ಮೆಲ್ಲಗೆ’, ಫೋರ್ತೆ ಅಂದಾಗ ‘ಜೋರು’ ಅಂತ ಓದಿಕೊಳ್ಳಿ, ಎಲ್ಲೂ ಎಡವುವುದಿಲ್ಲ.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರೆ ಲ್ಯಾಟಿನ್ ಸಿಗುತ್ತದೆ. ಅಲ್ಲಿ ಪದ ‘ಪ್ಲಾನುಸ್’. ಅರ್ಥ ಸಮತಟ್ಟು, ಏರುಪೇರಿಲ್ಲದ್ದು. ‘ಪ್ಲಾ’ ಹೇಗೆ ‘ಪಿಯಾ’ ಆಯಿತು? ನಮ್ಮಲ್ಲಿ ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ. ಹಳಗನ್ನಡದ ‘ಪ’ ಹೊಸಗನ್ನಡದಲ್ಲಿ ಸಾಲುಸಾಲಾಗಿ ‘ಹ’ ಆಗಿದ್ದು ನಿಮಗೆ ಗೊತ್ತಿರುವುದೇ. ಲ್ಯಾಟಿನ್ನಿನಿಂದ ಇಟಾಲಿಯನ್ನಿಗೆ ಬರುವಾಗ ಪದದ ಮೊದಲಿನ ‘ಪ್ಲ’ ಹಾಗೆಯೇ ‘ಪಿಯ’ ಆಯಿತು. ತುಂಬಿದ್ದು ಅನ್ನುವ ‘ಪ್ಲೇನುಸ್’ ಹೋಗಿ ‘ಪಿಯೇನೊ’, ಹೆಚ್ಚು ಅನ್ನುವ ‘ಪ್ಲುಸ್’ ಹೋಗಿ ‘ಪ್ಯೂ’. ಅದೇ ಸಮತಟ್ಟು ಅನ್ನುವ ಅರ್ಥದಿಂದ ಇಟಲಿಯಲ್ಲಿ ಕಟ್ಟಡದ ಮಹಡಿಗೂ ‘ಪಿಯಾನೊ’ ಅನ್ನುತ್ತಾರೆ. ಅಲ್ಲಿನ ಲಿಫ್ಟಿನಲ್ಲಿ ‘ಪಿಯಾನೊ 3’ ಅಂತ ಬರೆದಿದ್ದರೆ ಒಳಗೆ ಮೂರು ಪಿಯಾನೊ ಇವೆ ಅಂದುಕೊಳ್ಳಬೇಡಿ.

ಸರಿ, ಒಂದು ವಾದ್ಯಕ್ಕೆ ‘ಮೆಲ್ಲಗೆ’ ಅಂತ ಯಾಕೆ ಹೆಸರಿಟ್ಟರು? ಇಟ್ಟಿದ್ದು ಅಷ್ಟೇ ಅಲ್ಲ, ಅದಕ್ಕಿಂತ ಉದ್ದ ಇತ್ತು. ಅದು ಗೊತ್ತಾಗಬೇಕಾದರೆ ಪಿಯಾನೊ ಹುಟ್ಟುವ ಮುಂಚೆ ಏನಿತ್ತು ಅಂತ ನೋಡಬೇಕು.

ಆಗ ಯುರೋಪಿನ ಅರಮನೆಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ಇದ್ದದ್ದು ಹಾರ್ಪ್ಸಿಕಾರ್ಡ್. ಇಟಲಿಯವರು ಅದಕ್ಕೆ ‘ಕ್ಲಾವಿಚೆಂಬಲೊ’ ಅನ್ನುತ್ತಿದ್ದರು, ಚಿಕ್ಕದಾಗಿ ‘ಚೆಂಬಲೊ’. ನೋಡಲು ಪಿಯಾನೊ ತರಹವೇ ಇರುತ್ತದೆ. ಸಾಲಾಗಿ ಕೀಗಳು, ಅಂದರೆ ನಮ್ಮ ಹಾರ್ಮೋನಿಯಂನವರು ‘ಮನೆ’ ಅನ್ನುತ್ತಾರಲ್ಲ ಅವು. ಒಳಗೆ ಉದ್ದುದ್ದ ತಂತಿಗಳು. ಆದರೆ ಕೀ ಒತ್ತಿದಾಗ ಒಳಗೆ ಆಗುವುದೇ ಬೇರೆ. ಕೀಯ ಆ ತುದಿಯಲ್ಲಿ ಒಂದು ಮರದ ಪಟ್ಟಿ ನಿಂತಿರುತ್ತದೆ. ಅದಕ್ಕೆ ಹಕ್ಕಿಯ ಗರಿಯ ಚಿಕ್ಕ ಕಡ್ಡಿ ಸಿಕ್ಕಿಸಿರುತ್ತಾರೆ. ಕೀ ಒತ್ತಿದರೆ ಪಟ್ಟಿ ಮೇಲೇಳುತ್ತದೆ, ಗರಿ ತಂತಿಯನ್ನು ಮೀಟುತ್ತದೆ. ಬೆರಳಿನ ಬದಲು ಗರಿ ವೀಣೆ ಮೀಟಿದಂತೆ. ವೀಣೆಯಲ್ಲಾದರೆ ಬೆರಳು ನಿಮ್ಮದೇ, ಎಷ್ಟು ಬೇಕೋ ಅಷ್ಟು ಬಲ ಹಾಕಬಹುದು. ಇಲ್ಲಿ ಗರಿಗೆ ಇರುವುದು ಒಂದೇ ಬಲ. ತಂತಿಯನ್ನು ದಾಟಿ ಹೋಗಲು ಎಷ್ಟು ಬಾಗಬೇಕೋ ಅಷ್ಟು ಬಾಗುತ್ತದೆ, ದಾಟುತ್ತದೆ. ನೀವು ಕೀಯನ್ನು ಮುದ್ದಿಸಿದರೂ ಒಂದೇ, ಗುದ್ದಿದರೂ ಹೆಚ್ಚುಕಡಿಮೆ ಒಂದೇ. ಅಕ್ಕನ ಮಗಳ ಕೀಬೋರ್ಡ್ ಹಣೆಪಟ್ಟಿಯಲ್ಲಿ ಮಾತ್ರ ಪಿಯಾನೊ, ನಡತೆಯಲ್ಲಿ ಹಾರ್ಪ್ಸಿಕಾರ್ಡ್.

ಇನ್ನೊಂದು ವಾದ್ಯವೂ ಇತ್ತು, ಕ್ಲಾವಿಕಾರ್ಡ್ ಅಂತ. ಅದರಲ್ಲಿ ಕೀ ಒತ್ತಿದರೆ ಒಂದು ಹಿತ್ತಾಳೆಯ ಚೂರು ತಂತಿಗೆ ತಾಗುತ್ತಿತ್ತು. ಬೆರಳಿನ ಒತ್ತಡಕ್ಕೆ ತಕ್ಕ ಹಾಗೆ ದನಿ ಏರಿಳಿಯುತ್ತಿತ್ತು, ನಿಜ. ಆದರೆ ಒಟ್ಟು ದನಿಯೇ ಎಷ್ಟು ಸಣ್ಣದು ಅಂದರೆ ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಮುಗಿಯಿತು. ಒಬ್ಬರೇ ಕೂತು ನುಡಿಸಿಕೊಳ್ಳಲು ಚೆನ್ನ, ಸಭೆಗೆ ಅಲ್ಲ. ಒಂದಕ್ಕೆ ದನಿ ಇದೆ, ಏರಿಳಿತ ಇಲ್ಲ. ಇನ್ನೊಂದಕ್ಕೆ ಏರಿಳಿತ ಇದೆ, ದನಿ ಇಲ್ಲ.

ಆಗ ಸಂಗೀತದಲ್ಲಿ ಏರಿಳಿತ ಅನ್ನುವುದು ದೊಡ್ಡ ವಿಷಯವಾಗಿತ್ತು. ಹಾಡುವವರು ಮಾಡುತ್ತಿದ್ದರು, ಪಿಟೀಲಿನವರು ಮಾಡುತ್ತಿದ್ದರು. ವೆನಿಸ್‌ನ ಜೊವಾನಿ ಗಾಬ್ರಿಯೇಲಿ 1597ರಲ್ಲೇ ‘ಸೊನಾಟಾ ಪಿಯಾನ್ ಎ ಫೋರ್ತೆ’ ಅನ್ನುವ ಕೃತಿಯನ್ನು ಅಚ್ಚು ಹಾಕಿಸಿ, ಎಲ್ಲಿ ಮೆಲ್ಲಗೆ, ಎಲ್ಲಿ ಜೋರು ಅಂತ ಹಾಳೆಯ ಮೇಲೇ ಬರೆದಿದ್ದ. ಅಂದರೆ ‘ಪಿಯಾನೊ’, ‘ಫೋರ್ತೆ’ ಎರಡೂ ವಾದ್ಯ ಹುಟ್ಟುವ ನೂರು ವರ್ಷ ಮೊದಲೇ ಸಂಗೀತಗಾರರ ಮಾಮೂಲಿ ಪದಗಳು. ಇಂದಿಗೂ ಪಾಶ್ಚಾತ್ಯ ಸಂಗೀತದ ಯಾವ ಪುಸ್ತಕ ತೆರೆದರೂ ಸ್ವರಗಳ ಕೆಳಗೆ ವಾಲಿಸಿ ಬರೆದ ‘ಪಿ’ ಮತ್ತು ‘ಎಫ್’ ಕಾಣುತ್ತವಲ್ಲ, ಅವು ಇವೇ. ಎರಡು ‘ಪಿ’ ಇದ್ದರೆ ಇನ್ನೂ ಮೆಲ್ಲಗೆ, ಎರಡು ‘ಎಫ್’ ಇದ್ದರೆ ಇನ್ನೂ ಜೋರು.

ಈಗ ಮುಖ್ಯ ಮನುಷ್ಯ ಬರಲಿ. ಬಾರ್ತೊಲೊಮೇಯೊ ಕ್ರಿಸ್ತೋಫೊರಿ. 1655ರಲ್ಲಿ ಪಾದುವಾದಲ್ಲಿ ಹುಟ್ಟಿದವನು, ವಾದ್ಯ ಮಾಡುವುದು ಕಸುಬು. ಫ್ಲಾರೆನ್ಸಿನ ರಾಜಕುಮಾರ ಫರ್ದಿನಾಂದೊ ದೆ ಮೆದಿಚಿಗೆ ಸಂಗೀತದ ಹುಚ್ಚು, ಯಂತ್ರಗಳ ಹುಚ್ಚು, ಎರಡೂ ಇತ್ತು. ಅವನು 1688ರಲ್ಲಿ ಕ್ರಿಸ್ತೋಫೊರಿಯನ್ನು ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಮುದುಕನಾದ ಮೇಲೆ ಕ್ರಿಸ್ತೋಫೊರಿ ಇದನ್ನು ನೆನಪಿಸಿಕೊಂಡದ್ದು ಹೀಗೆ: ನನಗೆ ಬರಲು ಮನಸ್ಸಿಲ್ಲ ಅಂತ ರಾಜಕುಮಾರನಿಗೆ ಹೇಳಿದರಂತೆ, ಅದಕ್ಕವನು ‘ಮನಸ್ಸು ಬರುವ ಹಾಗೆ ನಾನು ಮಾಡುತ್ತೇನೆ’ ಅಂದನಂತೆ. ಅರಮನೆಯ ಕುಶಲಕರ್ಮಿಗಳೆಲ್ಲ ಸೇರಿ ಕೆಲಸ ಮಾಡುತ್ತಿದ್ದ ದೊಡ್ಡ ಕಾರ್ಯಾಗಾರದ ಗಲಾಟೆ ಅವನಿಗೆ ಮೊದಮೊದಲು ಸಹಿಸಲಾಗಲಿಲ್ಲವಂತೆ. ‘ಮೆಲ್ಲಗೆ’ ಅನ್ನುವ ವಾದ್ಯ ಮಾಡಿದವನಿಗೆ ಗದ್ದಲ ಆಗದೇ ಇದ್ದದ್ದು ಸರಿಯಾಗಿಯೇ ಇದೆ.

ಅವನು ಮಾಡಿದ್ದು ಏನು? ಮೀಟುವುದನ್ನು ಬಿಟ್ಟು ಬಡಿಯುವುದಕ್ಕೆ ಹೋದ. ಗರಿಯ ಜಾಗಕ್ಕೆ ಒಂದೊಂದು ಪುಟ್ಟ ಸುತ್ತಿಗೆ. ಕೇಳಲು ಸುಲಭ. ಸಂತೂರ್ ನುಡಿಸುವವರು ಕೈಯಲ್ಲಿ ಕಡ್ಡಿ ಹಿಡಿದು ತಂತಿಗೆ ಬಡಿಯುವುದಿಲ್ಲವೇ, ಅದನ್ನೇ ಕೀಗೆ ಕಟ್ಟಿದರಾಯಿತು ಅನ್ನಿಸುತ್ತದೆ. ಆಗುವುದಿಲ್ಲ. ಯಾಕೆ ಅಂತ ಈಗಲೇ ಅಡುಗೆಮನೆಗೆ ಹೋಗಿ ನೋಡಬಹುದು. ಒಂದು ಸ್ಟೀಲ್ ಲೋಟ, ಒಂದು ಚಮಚ ತಗೊಳ್ಳಿ. ಚಮಚದಲ್ಲಿ ಬಡಿದು ತಕ್ಷಣ ಹಿಂದೆ ತೆಗೆಯಿರಿ, ‘ಠಣ್’ ಅಂತ ದನಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬಡಿದು ಚಮಚವನ್ನು ಅಲ್ಲೇ ಒತ್ತಿ ಹಿಡಿಯಿರಿ, ‘ಟಕ್’ ಅಂದು ಸತ್ತುಹೋಗುತ್ತದೆ. ಸುತ್ತಿಗೆಯನ್ನು ನೇರವಾಗಿ ಕೀಗೆ ಕಟ್ಟಿದರೆ ಆಗುವುದೂ ಇದೇ. ನಿಮ್ಮ ಬೆರಳು ಕೀಯ ಮೇಲೆ ಇರುವಷ್ಟು ಹೊತ್ತು ಸುತ್ತಿಗೆ ತಂತಿಗೆ ಅಂಟಿಕೊಂಡೇ ಇರುತ್ತದೆ, ದನಿ ಹುಟ್ಟುವಾಗಲೇ ಸಾಯುತ್ತದೆ.

ಕ್ರಿಸ್ತೋಫೊರಿಯ ಜಾಣತನ ಇರುವುದು ಇಲ್ಲಿ. ಕೀ ಸುತ್ತಿಗೆಯನ್ನು ಮೇಲಕ್ಕೆ ತಳ್ಳುತ್ತದೆ. ಆದರೆ ತಂತಿಗೆ ತಾಗಲು ಇನ್ನು ಸ್ವಲ್ಪವೇ ದೂರ ಇದೆ ಅನ್ನುವಾಗ ಕೈ ಬಿಟ್ಟುಬಿಡುತ್ತದೆ. ಕಲ್ಲು ಎಸೆದ ಹಾಗೆ. ಕೊನೆಯ ಚೂರು ದಾರಿಯನ್ನು ಸುತ್ತಿಗೆ ತಾನೇ ಹಾರಿಕೊಂಡು ಹೋಗಿ, ತಂತಿಗೆ ಬಡಿದು, ವಾಪಸ್ ಬೀಳುತ್ತದೆ, ನಿಮ್ಮ ಬೆರಳು ಇನ್ನೂ ಕೀ ಮೇಲೇ ಇದ್ದರೂ. ಎಸೆದ ವೇಗ ಜಾಸ್ತಿ ಇದ್ದರೆ ಹೊಡೆತ ಜೋರು, ಕಡಿಮೆ ಇದ್ದರೆ ಮೆಲ್ಲಗೆ. ವಾಪಸ್ ಬಿದ್ದ ಸುತ್ತಿಗೆ ಚೆಂಡಿನ ಹಾಗೆ ಪುಟಿದು ಮತ್ತೆ ತಂತಿಗೆ ತಾಗದಂತೆ ಹಿಡಿದುಕೊಳ್ಳುವ ಒಂದು ತಡೆ ಇಟ್ಟ. ಬೆರಳು ತೆಗೆದ ಕೂಡಲೇ ತಂತಿಯ ದನಿ ನಿಲ್ಲಿಸುವ ಮೆತ್ತೆಯನ್ನೂ ಇಟ್ಟ. ಸುತ್ತಿಗೆಯ ತಲೆ ಕೂಡ ಮರದ್ದಲ್ಲ, ಸುರುಳಿ ಸುತ್ತಿದ ಕಾಗದ, ಅದರ ಮೇಲೆ ತೊಗಲಿನ ಪಟ್ಟಿ. ಇವತ್ತಿನ ಪಿಯಾನೊ ಬಿಚ್ಚಿ ನೋಡಿದರೂ ಒಳಗಿನ ಲೆಕ್ಕಾಚಾರ ಮೂಲದಲ್ಲಿ ಇದೇ. ಮೊದಲ ಸಲಕ್ಕೇ ಇಷ್ಟು ಸರಿಯಾಗಿ ಮಾಡಿದವರು ಯಂತ್ರಗಳ ಚರಿತ್ರೆಯಲ್ಲಿ ಕಡಿಮೆ ಅಂತ ನನ್ನ ಲೆಕ್ಕ.

ಇಷ್ಟೆಲ್ಲ ಮಾಡಿದವನು ತನ್ನ ಕೂಸಿಗೆ ಒಂದು ಚೆಂದದ ಹೆಸರಿಟ್ಟನೇ? ನಮಗೆ ಸಿಗುವ ಮೊದಲ ಹೆಸರು ಬರುವುದು ಒಂದು ಸಾಮಾನು ಪಟ್ಟಿಯಲ್ಲಿ. 1700ರಲ್ಲಿ ಮೆದಿಚಿ ಅರಮನೆಯ ವಾದ್ಯಗಳನ್ನೆಲ್ಲ ಎಣಿಸಿ ಬರೆದಿಟ್ಟರು. ಅದರಲ್ಲಿ ಒಂದು ವಾದ್ಯದ ಮುಂದೆ ಹೀಗಿದೆ: ‘ಬಾರ್ತೊಲೊಮೇಯೊ ಕ್ರಿಸ್ತೋಫೊರಿಯ ಒಂದು ಆರ್ಪಿಚಿಂಬಲೊ, ಹೊಸ ಆವಿಷ್ಕಾರ, ಮೆಲ್ಲಗೆ ಮತ್ತು ಜೋರು ಮಾಡುವಂಥದ್ದು’. ಆರ್ಪಿಚಿಂಬಲೊ ಅಂದರೆ ಅದೇ ಚೆಂಬಲೊ ಜಾತಿಯ ವಾದ್ಯ. ಕೊನೆಯ ತುಂಡು ಇಟಾಲಿಯನ್ನಿನಲ್ಲಿ ‘ಕೆ ಫಾ ಇಲ್ ಪಿಯಾನೊ ಎ ಇಲ್ ಫೋರ್ತೆ’. ಗಮನಿಸಿ, ಇದು ಹೆಸರೇ ಅಲ್ಲ. ಪಟ್ಟಿ ಬರೆಯುವವನು ಇದು ಯಾವುದು ಅಂತ ಗುರುತಿಗೆ ಬರೆದುಕೊಂಡ ವಿವರಣೆ. ಮನೆ ಖಾಲಿ ಮಾಡುವಾಗ ಡಬ್ಬದ ಮೇಲೆ ‘ಅಮ್ಮನ ಹಳೇ ಮಿಕ್ಸಿ, ಸೌಂಡ್ ಮಾಡೋದು’ ಅಂತ ಬರೆಯುತ್ತೇವಲ್ಲ, ಆ ಜಾತಿಯದ್ದು.

1711ರಲ್ಲಿ ಶಿಪಿಯೋನೆ ಮಾಫ್ಫೆಯಿ ಅನ್ನುವ ವಿದ್ವಾಂಸ ವೆನಿಸ್‌ನ ಒಂದು ಪತ್ರಿಕೆಯಲ್ಲಿ ಈ ವಾದ್ಯದ ಬಗ್ಗೆ ಲೇಖನ ಬರೆದ, ಒಳಗಿನ ಸುತ್ತಿಗೆಯ ಚಿತ್ರ ಸಮೇತ. ಅವನು ಕರೆದದ್ದು ‘ಗ್ರಾವೆಚೆಂಬಲೊ ಕೊಲ್ ಪಿಯಾನೊ ಎ ಫೋರ್ತೆ’, ಅಂದರೆ ಮೆಲ್ಲಗೆ ಮತ್ತು ಜೋರು ಇರುವ ಚೆಂಬಲೊ. ಗ್ರಾವೆಚೆಂಬಲೊ ಅನ್ನುವುದು ಕ್ಲಾವಿಚೆಂಬಲೊ ಬಾಯಿಂದ ಬಾಯಿಗೆ ತಿರುಚಿಕೊಂಡ ರೂಪ. ‘ಕ್ಲಾವಿಸ್’ ಅಂದರೆ ಲ್ಯಾಟಿನ್ನಿನಲ್ಲಿ ಬೀಗದ ಕೈ, ಅಂದರೆ ಕೀ. ಜನರ ಬಾಯಲ್ಲಿ ಅದು ‘ಗ್ರಾವೆ’ ಆಯಿತು, ಹಾಗಂದರೆ ಭಾರದ್ದು. ಕ್ರಿಸ್ತೋಫೊರಿಯ ಹೆಸರನ್ನೂ ಮಾಫ್ಫೆಯಿ ‘ಕ್ರಿಸ್ತೋಫಾಲಿ’ ಅಂತ ಬರೆದುಬಿಟ್ಟ, ಪಾಪ. ತಮಾಷೆಯ ವಿಷಯ ಇನ್ನೊಂದಿದೆ. ಕೆಲವು ಸಂಗೀತಗಾರರಿಗೆ ಈ ವಾದ್ಯ ಹಿಡಿಸಲಿಲ್ಲ ಅಂತ ಅವನೇ ಬರೆದಿದ್ದಾನೆ. ಕಾರಣ? ದನಿ ತೀರಾ ಮೆತ್ತಗೆ, ಮಂಕು. ಗರಿಯ ಚುರುಕು ದನಿಗೆ ಕಿವಿ ಒಗ್ಗಿದವರಿಗೆ ಫೋರ್ತೆಯೂ ಪಿಯಾನೊ ಹಾಗೇ ಕೇಳಿಸಿತು ಅಂತ ಕಾಣುತ್ತದೆ.

ಆಗ ಈ ವಾದ್ಯಕ್ಕೆ ಒಂದು ಎರಡನೇ ಹೆಸರೂ ಇತ್ತು, ಊರಿನವರು ಇಟ್ಟಿದ್ದು. ಅದು ಗೊತ್ತಾಗುವುದು 1732ರಲ್ಲಿ ಫ್ಲಾರೆನ್ಸಿನಲ್ಲಿ ಅಚ್ಚಾದ ಲೊದೊವಿಕೊ ಜುಸ್ತೀನಿಯ ಹನ್ನೆರಡು ಸೊನಾಟಾಗಳಿಂದ. ಸೊನಾಟಾ ಅಂದರೆ ಹಾಡಿಲ್ಲದೆ ವಾದ್ಯದಲ್ಲಷ್ಟೇ ನುಡಿಸುವ ಕೃತಿ. ಈ ವಾದ್ಯಕ್ಕಾಗಿಯೇ ಅಂತ ಅಚ್ಚಾದ ಮೊದಲ ಸಂಗೀತ ಇದು. ಮುಖಪುಟದಲ್ಲಿ ‘ಮೆಲ್ಲಗೆ ಮತ್ತು ಜೋರಿನ ಚಿಂಬಲೊ, ಆಡುಮಾತಿನಲ್ಲಿ ಮಾರ್ತೆಲ್ಲೆತ್ತಿಯದ್ದು’ ಅಂತ ಇದೆ. ಮಾರ್ತೆಲ್ಲೆತ್ತಿ ಅಂದರೆ ಪುಟ್ಟ ಸುತ್ತಿಗೆಗಳು. ಅಂದರೆ ಅರಮನೆಯ ಕಡೆಯವರು ವಾದ್ಯ ಏನು ಮಾಡುತ್ತದೆ ಅಂತ ನೋಡಿ ಕರೆದರು, ಊರಿನವರು ಒಳಗೆ ಏನಿದೆ ಅಂತ ನೋಡಿ ಕರೆದರು. ನನ್ನ ಓಟು ಊರಿನವರಿಗೆ. ಆದರೆ ಗೆದ್ದದ್ದು ಪಟ್ಟಿ ಬರೆದವನ ವಿವರಣೆ. ಸುತ್ತಿಗೆಯ ಹೆಸರು ಗೆದ್ದಿದ್ದರೆ ಇವತ್ತು ಮಕ್ಕಳು ‘ಮಾರ್ತೆಲ್ಲೆತ್ತಿ ಕ್ಲಾಸಿಗೆ’ ಹೋಗುತ್ತಿದ್ದರು.

ಕ್ರಿಸ್ತೋಫೊರಿ 1731ರಲ್ಲಿ ತೀರಿಕೊಂಡ. ಅವನು ಮಾಡಿದ ಪಿಯಾನೊಗಳಲ್ಲಿ ಉಳಿದಿರುವುದು ಮೂರು. 1720ರದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, 1722ರದ್ದು ರೋಮಿನಲ್ಲಿ, 1726ರದ್ದು ಜರ್ಮನಿಯ ಲೈಪ್ಸಿಗ್‌ನಲ್ಲಿ. ಇಟಲಿಯಲ್ಲಿ ಅವನ ನಂತರ ಇದಕ್ಕೆ ದೊಡ್ಡ ಬೇಡಿಕೆ ಬರಲಿಲ್ಲ. ವಾದ್ಯ ಬೆಳೆದದ್ದು ಆಲ್ಪ್ಸ್ ಆಚೆ.

ದಾರಿ ಮಾಡಿಕೊಟ್ಟದ್ದು ಮಾಫ್ಫೆಯಿಯ ಲೇಖನವೇ. 1725ರಲ್ಲಿ ಅದು ಜರ್ಮನ್ ಭಾಷೆಯಲ್ಲಿ ಬಂತು. ಗಾಟ್‌ಫ್ರೀಡ್ ಜಿಲ್ಬರ್ಮನ್ ಅನ್ನುವ ಹೆಸರುವಾಸಿ ಆರ್ಗನ್ ತಯಾರಕ ಇಂಥ ವಾದ್ಯ ಮಾಡಿ ಹೆಸರಾಂತ ಜರ್ಮನ್ ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ಗೆ ತೋರಿಸಿದ. ಬಾಖ್ ಮುಲಾಜು ನೋಡದೆ, ಮೇಲಿನ ಸ್ವರಗಳು ಸೊರಗಿವೆ, ಕೀ ಒತ್ತಲು ಭಾರ ಅಂದ. ಜಿಲ್ಬರ್ಮನ್‌ಗೆ ಸಿಟ್ಟು ಬಂತು, ಆದರೆ ಸುಮ್ಮನೆ ಕೂರದೆ ವರ್ಷಗಟ್ಟಲೆ ತಿದ್ದಿದ. ಕೊನೆಗೆ ಬಾಖ್ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಮಾರಾಟಕ್ಕೂ ನಿಂತ! 1749ರಲ್ಲಿ ಪೋಲೆಂಡಿನ ಬ್ರಾನಿತ್ಸ್ಕಿ ಅನ್ನುವ ಸರದಾರನಿಗೆ ಒಂದು ವಾದ್ಯ ಮಾರಿದ ರಸೀದಿ ಬಾಖ್ ಸಹಿಯೊಂದಿಗೆ ಉಳಿದಿದೆ. ಅದರಲ್ಲಿ ‘ಪಿಯಾನೊ ಎಟ್ ಫೋರ್ಟೆ ಎಂಬ ಹೆಸರಿನ ವಾದ್ಯ’ ಅಂತ ಇದೆ. ‘ಎಂಬ ಹೆಸರಿನ’ ಅನ್ನುವ ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. 1700ರ ಪಟ್ಟಿಯಲ್ಲಿ ‘ಮಾಡುವಂಥದ್ದು’ ಇತ್ತು, ಐವತ್ತು ವರ್ಷದಲ್ಲಿ ಅದು ‘ಎಂಬ ಹೆಸರಿನ’ ಆಗಿದೆ. ವಿವರಣೆ ಹೆಸರಾಗಿದೆ. ಜರ್ಮನ್ ಆಡುವವರಿಗೆ ಆ ಇಟಾಲಿಯನ್ ಪದಗಳ ಅರ್ಥದ ಬಿಸಿ ಅಷ್ಟಾಗಿ ತಾಗುತ್ತಿರಲಿಲ್ಲ, ಅದೂ ಒಂದು ಕಾರಣ ಇರಬೇಕು.

ಅರ್ಥದ ಹಿಡಿತ ಸಡಿಲವಾದ ಮೇಲೆ ಪದ ಕತ್ತರಿಸಲು ಯಾರ ಅಡ್ಡಿಯೂ ಇಲ್ಲ. ‘ಚೆಂಬಲೊ’ ಮೊದಲು ಹೋಯಿತು. ನಡುವಿನ ‘ಎ’, ಅಂದರೆ ‘ಮತ್ತು’, ಹೋಯಿತು. ಉಳಿದದ್ದು ‘ಪಿಯಾನೊಫೋರ್ತೆ’, ಕೆಲವರ ಬಾಯಲ್ಲಿ ತಿರುಗಿಸಿ ‘ಫೋರ್ತೆಪಿಯಾನೊ’. ಲಂಡನ್ನಿನ ಕೋವೆಂಟ್ ಗಾರ್ಡನ್ ನಾಟಕಶಾಲೆ 1767ರಲ್ಲಿ ಹಾಕಿದ ಜಾಹೀರಾತಿನಲ್ಲಿ ‘ಪಿಯಾನೊ ಫೋರ್ಟೆ ಎಂಬ ಹೊಸ ವಾದ್ಯ’ ಅಂತಲೇ ಇದೆ. ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ಇಂಗ್ಲಿಷ್ ಬಾಯಿಗೆ ಅದೂ ಉದ್ದವಾಯಿತು. ‘ಫೋರ್ತೆ’ ಉದುರಿ ‘ಪಿಯಾನೊ’ ಉಳಿಯಿತು.

ಇದೇನು ಅನ್ಯಾಯ ಅನ್ನಬೇಡಿ, ನಾವೂ ದಿನಾ ಮಾಡುವುದು ಇದನ್ನೇ. ಪ್ರೆಷರ್ ಕುಕ್ಕರ್‌ನಲ್ಲಿ ವಿಶೇಷ ಇರುವುದು ಪ್ರೆಷರ್‌ನಲ್ಲಿ. ನಾವು ಅದನ್ನೇ ಬಿಟ್ಟು ‘ಕುಕ್ಕರ್ ಇಡು’ ಅನ್ನುತ್ತೇವೆ. ಕುಕ್ಕರ್ ಅಂದರೆ ಬೇಯಿಸುವಂಥದ್ದು, ಆ ಲೆಕ್ಕದಲ್ಲಿ ಮಣ್ಣಿನ ಮಡಕೆಯೂ ಕುಕ್ಕರೇ. ಮೊಬೈಲ್ ಫೋನ್‌ನಲ್ಲಿ ಫೋನ್ ಹೋಗಿ ಮೊಬೈಲ್ ಉಳಿಯಿತು. ಓಡಾಡುವುದೆಲ್ಲ ಮೊಬೈಲ್ ಆದರೆ ಎತ್ತಿನಗಾಡಿಯೂ ಮೊಬೈಲೇ. ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಹೆಸರು ಒಮ್ಮೆ ಅಂಟಿಕೊಂಡಿತು ಅಂದರೆ ಆಮೇಲೆ ಅದರ ಯಾವ ತುಂಡು ಉಳಿದರೂ ಕೆಲಸ ನಡೆಯುತ್ತದೆ, ಅತಿ ಮುಖ್ಯವಾದ ತುಂಡೇ ಉದುರಿಹೋದರೂ.

ಇಟಲಿಯ ವಾದ್ಯಗಳಲ್ಲಿ ಇದಕ್ಕಿಂತ ಪಾಪದ ಕಥೆ ಚೆಲ್ಲೊದ್ದು. ಮೊದಲು ‘ವಿಯೋಲಾ’ ಇತ್ತು. ಇಟಾಲಿಯನ್ನಿನಲ್ಲಿ ಪದದ ಬಾಲಕ್ಕೆ ‘ಇನೊ’ ಸೇರಿಸಿದರೆ ಚಿಕ್ಕದು, ‘ಓನೆ’ ಸೇರಿಸಿದರೆ ದೊಡ್ಡದು. ಚಿಕ್ಕ ವಿಯೋಲಾ ‘ವಿಯೋಲಿನೊ’ ಆಯಿತು, ನಾವು ವಯಲಿನ್ ಅನ್ನುವುದು ಅದನ್ನೇ. (ಪಿಟೀಲು ಅನ್ನುವ ಪದ ಈ ದಾರಿಯದ್ದಲ್ಲ, ಅದು ಇಂಗ್ಲಿಷಿನ ಫಿಡಲ್ ನಮ್ಮ ಬಾಯಲ್ಲಿ ಆದದ್ದು.) ದೊಡ್ಡ ವಿಯೋಲಾ ‘ವಿಯೋಲೋನೆ’ ಆಯಿತು. ಆಮೇಲೆ ಆ ದೊಡ್ಡದರಲ್ಲೇ ಸ್ವಲ್ಪ ಚಿಕ್ಕದು ಒಂದು ಬಂತು. ಅದಕ್ಕೆ ಮತ್ತೆ ಚಿಕ್ಕದು ಅನ್ನುವ ಬಾಲ ಸೇರಿಸಿ ‘ವಿಯೋಲೋನ್‌ಚೆಲ್ಲೊ’ ಅಂದರು. ಚಿಕ್ಕ ದೊಡ್ಡ ವಿಯೋಲಾ! ನಗಬೇಡಿ. ಅಮ್ಮನಿಗೆ ಇಬ್ಬರು ಅಕ್ಕಂದಿರಿದ್ದರೆ ಎರಡನೆಯವರನ್ನು ನಾವು ‘ಚಿಕ್ಕ ದೊಡ್ಡಮ್ಮ’ ಅನ್ನುವುದಿಲ್ಲವೇ? ಆದರೆ ಕೊನೆಗೆ ಈ ಹೆಸರನ್ನೂ ಕತ್ತರಿಸಿದರು, ಉಳಿದದ್ದು ಬರೀ ‘ಚೆಲ್ಲೊ’. ದೊಡ್ಡಮ್ಮ ಹೋಗಿ ‘ಚಿಕ್ಕ’ ಉಳಿದ ಹಾಗೆ. ಒಂದು ಪದವೂ ಅಲ್ಲ ಅದು, ಪದದ ಬಾಲ. ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು ನುಡಿಸಬೇಕಾದ ಅಷ್ಟು ದೊಡ್ಡ ವಾದ್ಯದ ಹೆಸರಿನ ಅರ್ಥ ‘ಪುಟಾಣಿ’.

ಪಿಯಾನೊ ವಿಷಯದಲ್ಲೂ ವಿಪರ್ಯಾಸ ಇಂಥದ್ದೇ. ಹೆಸರಿನಿಂದ ಜೋರು ಉದುರುತ್ತಿದ್ದ ಕಾಲದಲ್ಲೇ ವಾದ್ಯದ ದನಿ ಮಾತ್ರ ಜೋರಾಗುತ್ತಾ ಹೋಯಿತು. ಸಭಾಂಗಣಗಳು ದೊಡ್ಡದಾದವು, ಹಿಂದಿನ ಸಾಲಿನವರಿಗೂ ಕೇಳಬೇಕಿತ್ತು. ದನಿ ಬೇಕಾದರೆ ದಪ್ಪ ತಂತಿ ಬೇಕು, ಅದನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಮರದ ಚೌಕಟ್ಟು ತಡೆಯುವುದಿಲ್ಲ, ಬಾಗಿಬಿಡುತ್ತದೆ. 1825ರಲ್ಲಿ ಬಾಸ್ಟನ್ನಿನ ಅಲ್ಫಿಯಸ್ ಬಾಬ್‌ಕಾಕ್ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದ. ಸುತ್ತಿಗೆಯ ತೊಗಲಿನ ಜಾಗಕ್ಕೆ ಒತ್ತಿದ ಉಣ್ಣೆ ಬಂತು. ಕ್ರಿಸ್ತೋಫೊರಿಯ ವಾದ್ಯಗಳು ನಾಲ್ಕು, ನಾಲ್ಕೂವರೆ ಸಪ್ತಕದವು. ಇವತ್ತಿನದರಲ್ಲಿ 88 ಕೀ, ಏಳು ಸಪ್ತಕಕ್ಕೂ ಜಾಸ್ತಿ. ಸುಮಾರು 230 ತಂತಿ, ಎಲ್ಲ ಸೇರಿ ಎಳೆತ 20 ಟನ್ನಿನ ಆಸುಪಾಸು. ಇಡೀ ಆರ್ಕೆಸ್ಟ್ರಾ ಎದುರಿಗೆ ಗಂಟಲು ಏರಿಸಿ ನಿಲ್ಲುವ ಈ ಕಬ್ಬಿಣದ ಆನೆಯನ್ನು ನಾವು ಕರೆಯುವುದು ‘ಮೆಲ್ಲಗೆ’ ಅಂತ.

ಈ ಇಟಾಲಿಯನ್ ಹೆಸರನ್ನು ಎಲ್ಲರೂ ತೆಪ್ಪಗೆ ಒಪ್ಪಿಕೊಂಡರು ಅಂತಲೂ ಅಲ್ಲ. ಬೀಥೋವನ್ 1817ರಲ್ಲಿ ತನ್ನ ಪ್ರಕಾಶಕನಿಗೆ, ಇನ್ನು ಮುಂದೆ ಪಿಯಾನೊಫೋರ್ತೆ ಬದಲು ‘ಹಾಮರ್‌ಕ್ಲಾವಿಯರ್’ ಅಂತ ಅಚ್ಚ ಜರ್ಮನ್ ಪದ ಹಾಕಿ ಅಂತ ಹೇಳಿಕಳಿಸಿದ. ಸುತ್ತಿಗೆಯ ಕೀವಾದ್ಯ. ಫ್ಲಾರೆನ್ಸಿನ ಊರಿನವರ ಹಳೆಯ ಹೆಸರೇ ಬೇರೆ ವೇಷದಲ್ಲಿ ವಾಪಸ್ ಬಂದಂತಾಯಿತು. ಅಚ್ಚಗನ್ನಡದ ಪದ ಕಟ್ಟುವ ನಮ್ಮ ಗೆಳೆಯರಿಗೆ ಈ ಕಥೆ ಹಿಡಿಸಬಹುದು, ಕೊನೆ ಮಾತ್ರ ಹಿಡಿಸಲಿಕ್ಕಿಲ್ಲ. ಆ ಪದ ಈಗ ಉಳಿದಿರುವುದು ಮುಖ್ಯವಾಗಿ ಅವನ ಒಂದೇ ಒಂದು ಸೊನಾಟಾದ ಅಡ್ಡಹೆಸರಾಗಿ. ಜರ್ಮನ್ನರು ಇವತ್ತು ‘ಕ್ಲಾವಿಯರ್’ ಅನ್ನುತ್ತಾರೆ, ಅದೂ ಲ್ಯಾಟಿನ್ನಿನ ಆ ಬೀಗದ ಕೈಯಿಂದಲೇ ಬಂದದ್ದು. ಉದ್ದನೆಯ ದೊಡ್ಡ ಪಿಯಾನೊಗೆ ‘ಫ್ಲೂಗೆಲ್’, ಅಂದರೆ ರೆಕ್ಕೆ. ಇಟಲಿಯವರು ಅದಕ್ಕೇ ‘ಬಾಲದ ಪಿಯಾನೊಫೋರ್ತೆ’ ಅನ್ನುತ್ತಾರೆ. ತವರುಮನೆಯಲ್ಲಿ ಪೂರ್ತಿ ಹೆಸರು ಇನ್ನೂ ಚಾಲ್ತಿಯಲ್ಲಿದೆ. ಅವರಿಗೆ ಬೇರೆ ದಾರಿ ಇಲ್ಲ ಅನ್ನಿ. ಮಾತುಮಾತಿಗೂ ‘ಮೆಲ್ಲಗೆ’, ‘ಮಹಡಿ’ ಅಂತ ಬರುವ ಪದವನ್ನೇ ವಾದ್ಯಕ್ಕೂ ಇಟ್ಟುಕೊಂಡರೆ ಕಷ್ಟ.

ನಮ್ಮ ಕಡೆಯ ಒಂದು ಎಳೆಯೂ ಇದರಲ್ಲಿ ಸೇರಿಕೊಂಡಿದೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅಂದರೆ ನಮಗೆ ನೆನಪಾಗುವುದು ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳು. ಆದರೆ ಅವರು ಪಿಯಾನೊವನ್ನೂ ಗಂಭೀರವಾಗಿ ಕಲಿತವರು, ಸ್ವತಃ ನುಡಿಸುತ್ತಿದ್ದರು. ರಷ್ಯಾದ ನಿಕೊಲಾಯ್ ಮೆಟ್ನರ್ ಅನ್ನುವ ಪಿಯಾನೊ ವಾದಕ, ವಾಗ್ಗೇಯಕಾರ ಅಂದರೂ ನಡೆಯುತ್ತದೆ, ಮುಪ್ಪಿನಲ್ಲಿ ಲಂಡನ್ನಿನಲ್ಲಿ ಕಾಯಿಲೆ, ಕಷ್ಟ ಎರಡರಲ್ಲೂ ದಿನ ದೂಡುತ್ತಿದ್ದರು. ಅವರ ಸಂಗೀತವೆಂದರೆ ಮಹಾರಾಜರಿಗೆ ಪ್ರಾಣ. 1940ರ ದಶಕದ ಕೊನೆಯಲ್ಲಿ ಮಹಾರಾಜರು ಮೆಟ್ನರ್ ಸೊಸೈಟಿ ಅಂತ ಕಟ್ಟಿ, ಖರ್ಚು ಕೊಟ್ಟು, ಮೆಟ್ನರ್ ತಮ್ಮ ಸಂಗೀತವನ್ನು ತಾವೇ ನುಡಿಸಿ ಗ್ರಾಮಫೋನ್ ರೆಕಾರ್ಡಿಗೆ ಹಾಕುವಂತೆ ಮಾಡಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು, ಅಂದರೆ ಪಿಯಾನೊ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿಯನ್ನು, ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು. ಆ ರೆಕಾರ್ಡುಗಳು ಇವತ್ತಿಗೂ ಕೇಳಲು ಸಿಗುತ್ತವೆ.

ಅಕ್ಕನ ಮಗಳಿಗೆ ಅದರಲ್ಲಿ ಒಂದನ್ನು ಕೇಳಿಸಿದೆ. ಮೆಲ್ಲಗೆ ಇದ್ದದ್ದು ಇದ್ದಕ್ಕಿದ್ದಂತೆ ಜೋರಾದಾಗ ಬೆಚ್ಚಿಬಿದ್ದು ನಕ್ಕಳು. ಆಮೇಲೆ ನಾನು ಹೇಳಿದ ಹೆಸರಿನ ಕಥೆಯನ್ನೆಲ್ಲ ಕೇಳಿ, “ಹಾಗಾದ್ರೆ ಜೋರು ಕಳೆದೇ ಹೋಯ್ತಾ?” ಅಂದಳು. ಇಲ್ಲ, ಪೂರ್ತಿ ಕಳೆದಿಲ್ಲ. ಬಾಖ್ ವಾದ್ಯ ಮಾರಿದ ಆ ಪೋಲೆಂಡಿನಲ್ಲಿ ದೊಡ್ಡ ಪಿಯಾನೊಗೆ ಇವತ್ತಿಗೂ ‘ಫೋರ್ತೆಪಿಯಾನ್’ ಅನ್ನುತ್ತಾರೆ. ಮೆಟ್ನರ್ ಅವರ ರಷ್ಯನ್ ಭಾಷೆಯಲ್ಲಿ ಈ ವಾದ್ಯದ ಹೆಸರು ಇವತ್ತಿಗೂ ‘ಫೋರ್ತೆಪಿಯಾನೊ’. ಜೋರು ಅಲ್ಲಿದೆ, ಅದೂ ಮೊದಲಿಗೇ.